ಗಜನಿಂಬೆ ಶರಬತ್ತು ಕಹಿಯಾಗದಂತೆ, ನೊರೆ ಬಾರದಂತೆ

ಗಜನಿಂಬೆ ರಸಕ್ಕೆ ಬಿಸಿ ಪಾಕ ಹಾಕಿ ಬಾಟಲಿಯಲ್ಲಿಟ್ಟದ್ದು ಎರಡು ವಾರಕ್ಕೆ ಕಹಿಯಾಯ್ತು, ಮುಚ್ಚಳ ತಿರುಗಿಸಿದರೆ ಬುಸ್ ಅಂತ ನೊರೆ ಬರ್ತದೆ, ಯಾಕೆ ಅಂತ ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆ. ಕಹಿ ಬರುವುದು ಹಿಂಡಿದ ರೀತಿಯಿಂದ ಮತ್ತು ಬಿಸಿಯಿಂದ. ನೊರೆ ಬರುವುದು ಸಕ್ಕರೆ ಕಡಿಮೆಯಾಗಿ, ಬಾಟಲಿಯಲ್ಲಿ ನೀರಿನ ಪಸೆ ಉಳಿದು ಶರಬತ್ತು ಹುದುಗಿದ್ದರಿಂದ.

ಬೀಜದಲ್ಲಿ, ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ, ತೊಳೆಯ ಪೊರೆಯಲ್ಲಿ ಲಿಮೋನಿನ್ ಎಂಬ ಕಹಿಗೆ ಮೂಲವಾದ ಅಂಶ ಇರ್ತದೆ. ಅದು ಹುಳಿರಸಕ್ಕೆ ಸೇರಿದ ಮೇಲೆ ನಿಧಾನವಾಗಿ ಕಹಿಗೆ ತಿರುಗ್ತದೆ, ಬಿಸಿ ತಾಗಿದರೆ ಇನ್ನೂ ಬೇಗ. ಹಾಗಾಗಿ ಹಿಂಡಿದ ಕೂಡಲೇ ರುಚಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಣ್ಣನ್ನು ಅಡ್ಡ ಕತ್ತರಿಸಿ, ಬೀಜ ತೆಗೆದು, ಕೈಯಲ್ಲಿ ಹಗುರವಾಗಿ ಹಿಂಡಿ. ಕೊನೇ ಹನಿಗೆ ಆಸೆ ಪಡಬೇಡಿ. ಮಿಕ್ಸಿಗೆ ಹಾಕುವುದಂತೂ ಬೇಡವೇ ಬೇಡ. ಹಿಂಡಿದ ತಕ್ಷಣ ತೆಳು ಬಟ್ಟೆಯಲ್ಲಿ ಶೋಧಿಸಿ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲೇ ಇಡಿ. ಅಲ್ಯೂಮಿನಿಯಂ, ತಾಮ್ರ ಹುಳಿಗೆ ಆಗುವುದಿಲ್ಲ. ಕಂಚಿಕಾಯಿ ಬೆರೆಸಿದ್ದರೆ ಅದನ್ನೂ ಬಿಡಿ, ಅದು ಗೊಜ್ಜಿಗೆ, ಉಪ್ಪಿನಕಾಯಿಗೇ ಚಂದ.

ಅಳತೆ ಹೀಗೆ: ರಸ 1 ಲೀಟರ್, ಸಕ್ಕರೆ 2 ಕಿಲೋ, ನೀರು 1 ಲೀಟರ್. ನೀರಿಗೆ ಸಕ್ಕರೆ ಹಾಕಿ ಕರಗಿಸಿ, ಒಂದು ಚಮಚ ನಿಂಬೆರಸ ಬಿಡಿ. ಕೊಳೆ ಮೇಲೆ ಬರ್ತದೆ, ಆಮೇಲೆ ಸಕ್ಕರೆ ಹರಳುಗಟ್ಟುವುದೂ ಕಡಿಮೆ. ಒಂದು ಕುದಿ ಬಂದರೆ ಸಾಕು, ಎಳೆಪಾಕ ಬೇಡ. ಶೋಧಿಸಿ ಪೂರ್ತಿ ಆರಿಸಿ. ಪಾತ್ರೆಯ ತಳ ಮುಟ್ಟಿದರೆ ಬಿಸಿಯ ಸುಳಿವೇ ಇರಬಾರದು. ಆಮೇಲಷ್ಟೇ ರಸ ಸೇರಿಸಿ.

ಇಷ್ಟಾದರೂ ಇದರಲ್ಲಿ ಸಕ್ಕರೆ ನೂರಕ್ಕೆ 50ರಷ್ಟು ಮಾತ್ರ. ಸಕ್ಕರೆಯೊಂದೇ ಕೆಡದಂತೆ ಕಾಯಬೇಕಾದರೆ 65 ದಾಟಬೇಕು. ಹಾಗಾಗಿ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡುವವರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ, ಕೆಡದಂತೆ ಕಾಯುವ ಪುಡಿ ಹಾಕಬೇಕು. ಅಂಗಡಿಯಲ್ಲಿ ಕೆಎಂಎಸ್ ಅಂದರೆ ಕೊಡ್ತಾರೆ, ಆಹಾರಕ್ಕೆ ಬಳಸುವಂಥದ್ದೇ ಕೇಳಿ. ಮೇಲಿನ ಅಳತೆಗೆ 2 ಗ್ರಾಂ, ತೂಕ ಮಾಡಿಯೇ. ಸ್ವಲ್ಪ ತಣ್ಣಗಿನ ಶರಬತ್ತಿನಲ್ಲಿ ಕದಡಿ ಕೊನೆಗೆ ಬೆರೆಸಿ. ಬಿಸಿಗೆ ಹಾಕಿದರೆ ಅದರ ಗಂಧಕದ ಅನಿಲ ಹಾರಿಹೋಗಿ ಹಾಕಿಯೂ ಪ್ರಯೋಜನ ಇಲ್ಲ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಇದು ಬೇಡ. ಅಂಥವರಿಗೆ ನೀರೇ ಇಲ್ಲದ ವಿಧಾನ ಒಳ್ಳೆಯದು: 1 ಲೀಟರ್ ರಸಕ್ಕೆ 1.8 ಕಿಲೋ ಸಕ್ಕರೆ, ಗಾಜಿನ ಭರಣಿಯಲ್ಲಿ ಹಾಕಿ, ದಿನಾ ಒಣ ಸೌಟಿನಿಂದ ಕಲಕಿ ಪೂರ್ತಿ ಕರಗುವವರೆಗೆ ಇಟ್ಟು, ಆಮೇಲೆ ಫ್ರಿಜ್‌ಗೆ ಸೇರಿಸಿ.

ನಮ್ಮ ಕಡೆ ಕಷ್ಟ ಇರುವುದು ಮಳೆಗಾಲದ್ದು. ಹಣ್ಣು ರಾಶಿ ಬೀಳುವುದು ಆಗಲೇ, ಬಾಟಲಿ ಒಣಗದಿರುವುದೂ ಆಗಲೇ. ತೊಳೆದ ಬಾಟಲಿಯನ್ನು ಕುದಿನೀರಲ್ಲಿ ಹತ್ತು ನಿಮಿಷ ಇಟ್ಟು, ಒಲೆಯ ಹತ್ತಿರ ಬೋರಲು ಹಾಕಿ ಒಣಗಿಸಿ. ಮುಚ್ಚಳದ ಒಳಸುತ್ತಿನ ಪಸೆಯನ್ನೂ ನೋಡಿ, ಹೆಚ್ಚಾಗಿ ಬೂಸ್ಟು ಶುರುವಾಗುವುದು ಅಲ್ಲಿಂದಲೇ. ಮೇಲೆ ಒಂದು ಇಂಚು ಖಾಲಿ ಬಿಟ್ಟು ತುಂಬಿ, ಬೆಳಕು ಬೀಳದ ಕಡೆ ಇಡಿ. ತಿರುಳು ತಳಕ್ಕೆ ಇಳಿದರೆ ಕೆಟ್ಟಿತು ಅಂತಲ್ಲ, ಅಲುಗಾಡಿಸಿದರೆ ಸರಿಹೋಗ್ತದೆ. ನೊರೆ ಬಂದದ್ದನ್ನು ಮಾತ್ರ ಕುದಿಸಿ ಉಳಿಸಲು ಹೋಗಬೇಡಿ, ಚೆಲ್ಲಿ.

ಶುಂಠಿ ಸೇರಿಸುವುದಾದರೆ ತುರಿದು ಹಿಂಡಿದ ರಸವನ್ನು ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳಿ ಹಿಟ್ಟು ಕೂರ್ತದೆ, ಅದನ್ನು ಬಿಟ್ಟು ಮೇಲಿನದ್ದನ್ನಷ್ಟೇ ಬಗ್ಗಿಸಿ ತೆಗೆದು ಮೇಲಿನ ಅಳತೆಗೆ 50 ಮಿ.ಲೀ. ಹಾಕಿ, ಹದವಾಗಿರ್ತದೆ. ಬೆಲ್ಲ, ಜೋನಿಬೆಲ್ಲ ಆವತ್ತೇ ಕುಡಿಯುವ ಪಾನಕಕ್ಕೆ ಬಹಳ ರುಚಿ, ಆದರೆ ಇಡುವುದಕ್ಕೆ ಬೇಡ, ಬೇಗ ಹುದುಗ್ತದೆ. ಕುಡಿಯುವಾಗ ಒಂದು ಪಾಲಿಗೆ ಮೂರು ಪಾಲು ನೀರು. ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಲೋಟಕ್ಕೇ ಹಾಕಿಕೊಳ್ಳಿ, ಬಾಟಲಿಗಲ್ಲ.