ಗಬ್ಬದ ಹಸುವಿಗೆ ನೆಫಾ 0.62: ಈ ವರದಿ ನಂಬಬಹುದೆ?

ಪ್ರಶ್ನೆ: ನಮ್ಮ ಎಚ್‌ಎಫ್ ಮಿಶ್ರತಳಿ ಹಸು ಕರು ಹಾಕಲು ಒಂಬತ್ತು ದಿನ ಇರುವಾಗ ಬೆಳಿಗ್ಗೆ ಮೇವಿಗೆ ಮುಂಚೆ ರಕ್ತ ತೆಗೆಸಿದೆವು. ಅಟ್ಟಾಡಿಸಿ ಹಿಡಿಯಬೇಕಾಯಿತು. ಹಸಿರು ಮುಚ್ಚಳದ ಟ್ಯೂಬನ್ನು ಹಾಗೇ ಬಸ್ಸಿನಲ್ಲಿ ಮೈಸೂರಿನ ಲ್ಯಾಬಿಗೆ ಕಳಿಸಿದೆವು, ತಲುಪಿದ್ದು ಮಧ್ಯಾಹ್ನ. ನೆಫಾ 0.62 ಬಂದಿದೆ. ಔಷಧ ಶುರು ಮಾಡಬೇಕೆ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಈಗಲೇ ಬೇಡ. ತಿಂದ ಮೇವು ಸಾಲದಾದಾಗ ಹಸು ಮೈಕೊಬ್ಬು ಕರಗಿಸಿ ರಕ್ತಕ್ಕೆ ಬಿಡುವ ಕೊಬ್ಬಿನಾಮ್ಲವೇ ನೆಫಾ. ಅದು ಮಿತಿಮೀರಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುತ್ತದೆ, ರಕ್ತದಲ್ಲಿ ಕೀಟೋನ್ ಹೆಚ್ಚುವ ಕೀಟೋಸಿಸ್ ಕಾಯಿಲೆ ಬರುತ್ತದೆ. ಕರು ಹಾಕುವ ಮುಂಚಿನ ಎರಡು ವಾರದಲ್ಲಿ ಲೀಟರಿಗೆ 0.3ರಿಂದ 0.4 ಮಿಲಿಮೋಲ್, ಹಾಕಿದ ನಂತರದ ಎರಡು ವಾರದಲ್ಲಿ 0.6ರಿಂದ 0.7 ಎಚ್ಚರಿಕೆಯ ಗೆರೆ. ಆ ಲೆಕ್ಕಕ್ಕೆ 0.62 ಹೆಚ್ಚೇ.

ಆದರೆ ನೀವು ಬರೆದಿರುವ ಮೂರು ಸಂಗತಿಗಳೂ ಅಂಕಿಯನ್ನು ಸುಳ್ಳಾಗಿ ಏರಿಸುವಂಥವು. ಬೆದರಿದ ಹಸುವಿನಲ್ಲಿ ಅಡ್ರಿನಲಿನ್ ಉಕ್ಕಿ ನಿಮಿಷಗಳಲ್ಲೇ ಕೊಬ್ಬು ಕರಗತೊಡಗುತ್ತದೆ. ಹಸಿರು ಮುಚ್ಚಳದ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ಈ ಪರೀಕ್ಷೆಗೆ ಅದು ಒಗ್ಗದು. ಇನ್ನು ಬಸ್ಸಿನ ಸೆಖೆಯಲ್ಲಿ, ಸೀರಮ್ (ರಕ್ತದ ತಿಳಿ) ಬೇರ್ಪಡಿಸದೆ ಬಿಟ್ಟ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಒಡೆದು ನೆಫಾ ಏರುತ್ತಲೇ ಹೋಗುತ್ತದೆ. ಮೇವಿಗೆ ಮುಂಚೆ ತೆಗೆಸಿದ್ದು ಮಾತ್ರ ಸರಿ, ಮೇಲಿನ ಮಿತಿಗಳು ಆ ಹೊತ್ತಿನವೇ.

ತಡಮಾಡದೆ ಮತ್ತೊಮ್ಮೆ ತೆಗೆಸಿ. ಕರು ಹಾಕುವ ಕೊನೆಯ ಎರಡು ಮೂರು ದಿನ ಆರೋಗ್ಯದ ಹಸುವಿನಲ್ಲೂ ನೆಫಾ ತಾನಾಗಿ ಏರುವುದರಿಂದ ಆಗ ತೆಗೆಸಿ ಪ್ರಯೋಜನವಿಲ್ಲ. ಹಿಂದಿನ ರಾತ್ರಿಯೇ ಹಸುವನ್ನು ಗೊಂತಿನಲ್ಲಿ ಕಟ್ಟಿ. ಬಾಲದ ಬುಡದ ರಕ್ತನಾಳದಿಂದ, ಕೆಂಪು ಮುಚ್ಚಳದ ಟ್ಯೂಬಿಗೆ ತೆಗೆಯಲಿ; ಹಾಲಿನ ನರ ಬೇಡ. ಟ್ಯೂಬನ್ನು ಜೋರಾಗಿ ಅಲುಗಾಡಿಸಿದರೆ ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತದೆ. ಲ್ಯಾಬಿನಲ್ಲಿ ಅಳೆಯುವುದೂ ಕಿಣ್ವಗಳಿಂದ ಮೂಡುವ ನೇರಳೆ ಬಣ್ಣವನ್ನೇ, ಹಾಗಾಗಿ ಕೆಂಪು ಬೆರೆತರೆ ಓದು ಕೆಡುತ್ತದೆ. ಹೆಪ್ಪುಗಟ್ಟಿದ ಮೇಲೆ ಊರಿನ ಹತ್ತಿರವೇ ಸೀರಮ್ ಬೇರ್ಪಡಿಸಿ, ಐಸ್ ಡಬ್ಬಿಯಲ್ಲಿಟ್ಟು ಮೈಸೂರಿಗೆ ಕಳಿಸಿ.

ಮತ್ತೆಯೂ 0.4 ದಾಟಿದರೆ ಪಶುವೈದ್ಯರಿಗೆ ತೋರಿಸಿ. ಹಸು ದಪ್ಪಗಿದೆಯೆಂದು ಈ ಹಂತದಲ್ಲಿ ಮೇವು ಕಡಿತ ಮಾಡಲೇಬೇಡಿ, ಕರಗುವ ಕೊಬ್ಬು ಇನ್ನೂ ಹೆಚ್ಚುತ್ತದೆ. ಗೊಂತಿನಲ್ಲಿ ಇಡೀ ದಿನ ಮೇವಿರಲಿ.

ಒಂದೆರಡು ಹಸು ಸಾಕುವವರಿಗೆ ನೆಫಾಗಿಂತ ಕೀಟೋನ್ ಸ್ಟ್ರಿಪ್ಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕರು ಹಾಕಿದ ಐದನೇ ದಿನದಿಂದ ಕೊಟ್ಟಿಗೆಯಲ್ಲೇ ಒಂದು ಹನಿ ರಕ್ತದಲ್ಲಿ ನೋಡಬಹುದು. ಬಿಎಚ್‌ಬಿ (ಸ್ಟ್ರಿಪ್ ಅಳೆಯುವ ಕೀಟೋನ್) ಲೀಟರಿಗೆ 1.2 ಮಿಲಿಮೋಲ್ ಅಥವಾ ಹೆಚ್ಚು ಬಂದರೆ ಅದೇ ದಿನ ವೈದ್ಯರನ್ನು ಕರೆಸಿ.