ವಾರ್ಡಿಗೆ ಔಷಧಿ ಒಯ್ಯೋ ರೋಬೋ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾವು ನಾಲ್ಕು ಜನ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ ಓದ್ತಿದೀವಿ. ಆಸ್ಪತ್ರೆ ಫಾರ್ಮಸಿಯಿಂದ ವಾರ್ಡಿಗೆ ಮಾತ್ರೆ ಒಯ್ಯೋ ರೋಬೋ ನಮ್ಮ ಪ್ರಾಜೆಕ್ಟ್. ಲ್ಯಾಬಲ್ಲಿ ಕಪ್ಪು ಟೇಪ್ ಹಿಡ್ಕೊಂಡು ಚೆನ್ನಾಗಿ ಓಡುತ್ತೆ, ಹೊರಗೆ ಕಾರಿಡಾರಿಗೆ ಇಳಿಸಿದ್ರೆ ದಾರಿ ತಪ್ಪುತ್ತೆ. ಪಿಐಡಿ (ಗೆರೆಯಿಂದ ಎಷ್ಟು ಸರಿದಿದೆ ಅಂತ ನೋಡಿ ಮೋಟರ್ ವೇಗ ತಿದ್ದೋ ಲೆಕ್ಕ) ನಂಬರ್ ಎಷ್ಟು ಬದಲಾಯಿಸಿದ್ರೂ ಅಷ್ಟೇ. ಇನ್ನೇನ್ ಮಾಡೋದು?

ಉತ್ತರ: ಪಿಐಡಿ ಮುಟ್ಟೋದು ನಿಲ್ಸಿ, ಮೊದ್ಲು ನೆಲ ನೋಡಿ. ನಿಮ್ಮ ಲ್ಯಾಬಲ್ಲಿ ಬಿಳಿ ಫ್ಲೆಕ್ಸ್ ಹಾಸಿ ಅದರ ಮೇಲೆ ಟೇಪ್ ಅಂಟಿಸಿರ್ತೀರಿ, ಕಾರಿಡಾರಲ್ಲಿ ಇರೋದು ಗ್ರಾನೈಟು, ಅದೇ ಅರ್ಧ ಕಪ್ಪು, ಮೇಲಿಂದ ಟ್ಯೂಬ್‌ಲೈಟ್ ಹೊಳಪು, ಕಿಟಕಿ ಹತ್ರ ಬಿಸಿಲು, ಈಗಷ್ಟೇ ಒರೆಸಿ ಹೋಗಿದ್ರೆ ನೀರು. ನೆಲದಿಂದ ಎಷ್ಟು ಬೆಳಕು ವಾಪಸ್ ಬಂತು ಅಂತ ನೋಡಿ ಗೆರೆ ಗುರುತಿಸೋ ಐಆರ್ (ಇನ್‌ಫ್ರಾರೆಡ್) ಸೆನ್ಸರ್‌ಗೆ ಇದೆಲ್ಲಾ ಬೇರೆ ಬೇರೆ ನೆಲ. ರೋಬೋನ ಕೈಯಲ್ಲಿ ತಳ್ಕೊಂಡು ಪೂರ್ತಿ ದಾರಿ ಹೋಗಿ, ಪ್ರತಿ ಸೆನ್ಸರ್ ಏನ್ ನಂಬರ್ ಕೊಡುತ್ತೆ ಅಂತ ಸೀರಿಯಲ್ ಮಾನಿಟರಲ್ಲಿ (ಬೋರ್ಡ್ ಕಳಿಸೋ ನಂಬರ್ ಲ್ಯಾಪ್‌ಟಾಪಲ್ಲಿ ತೋರ್ಸೋ ವಿಂಡೋ) ನೋಡಿ ಬರ್ಕೊಳ್ಳಿ. ಟೇಪ್ ಮೇಲಿನ ನಂಬರೂ ನೆಲದ ನಂಬರೂ ಎಲ್ಲೆಲ್ಲಿ ಹತ್ರ ಹತ್ರ ಬಂದಿದೆಯೋ ಅಲ್ಲೇ ನಿಮ್ಮ ರೋಬೋ ದಾರಿ ತಪ್ತಿರೋದು. ಅಂಥ ಕಡೆ ಅಗಲವಾದ ಬಿಳಿ ಪಟ್ಟಿ ಹಾಕಿ ಮಧ್ಯೆ ಕಪ್ಪು ಗೆರೆ ಎಳೀರಿ. ಆಮೇಲೆ ಬ್ಯಾಟರಿ. ಎಲ್298ಎನ್ ಮೋಟರ್ ಡ್ರೈವರ್ ಹಾಕಿದ್ರೆ ಅದೇ ಸುಮಾರು 2 ವೋಲ್ಟ್ ತಿಂದು ಹಾಕುತ್ತೆ, ಫುಲ್ ಚಾರ್ಜಲ್ಲಿ ಹೊಂದಿಸಿದ ಪಿಐಡಿ ಚಾರ್ಜ್ ಇಳಿದ ಮೇಲೆ ಹೊಂದಲ್ಲ. ನಂಬರ್ ಬದಲಾಯಿಸಿ ಬದಲಾಯಿಸಿ ಸುಸ್ತಾಗೋ ಹುಡುಗ್ರಲ್ಲಿ ಸುಮಾರು ಜನಕ್ಕೆ ಇದೇ ಕಾರಣ ಅನ್ನೋದನ್ನ ನಾನೇ ನೋಡಿದೀನಿ.

ಆದ್ರೆ ನಾನು ನಿಮಗೆ ಮುಖ್ಯವಾಗಿ ಹೇಳ್ಬೇಕಾಗಿರೋದು ಬೇರೆ ಇದೆ. ಗೆರೆ ಹಿಡ್ಕೊಂಡು ಓಡೋದು ಈ ಕೆಲಸದಲ್ಲಿ ಸಣ್ಣ ಭಾಗ, ಔಷಧಿ ಸರಿಯಾದ ಕೈಗೆ ಸೇರಿತಾ ಅನ್ನೋದೇ ದೊಡ್ಡದು. ಒಂದ್ಸಲ ನಮ್ಮ ಹುಡುಗ್ರ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ರೋಬೋ ಸರಿಯಾಗಿ ವಾರ್ಡ್ ಬಾಗಿಲಿಗೆ ಬಂತು, ಬೀಪ್ ಅಂತು. ಸಿಸ್ಟರ್ ಒಳಗೆ ಒಬ್ಬ ಅಜ್ಜಿಗೆ ಡ್ರಿಪ್ ಹಾಕ್ತಿದ್ರು, ನರ ಸಿಗ್ತಿರ್ಲಿಲ್ಲ, ಎರಡೂ ಕೈಯಲ್ಲಿ ಗ್ಲೌಸ್. ‘ಬಂದೆ ಬಂದೆ’ ಅಂದ್ರು. ರೋಬೋಗೆ ಅದೆಲ್ಲಿ ಕೇಳುತ್ತೆ, ಕೋಡಲ್ಲಿ ಡಿಲೇ 5000 ಅಂತ ಬರೆದಿದ್ರು, ಐದು ಸೆಕೆಂಡ್ ಎಣಿಸಿ ತುಂಬಿದ ಟ್ರೇ ಸಮೇತ ವಾಪಸ್ ಹೊರಟೇಬಿಡ್ತು. ಆ ಹುಡುಗ್ರು ಅವತ್ತು ರಾತ್ರಿನೇ ಕೋಡ್ ತಿದ್ದಿದ್ರು, ನನಗೆ ಅದು ತುಂಬಾ ಹಿಡಿಸ್ತು.

ನೀವೂ ಹಾಗೇ ಮಾಡಿ. ಡಿಲೇ ತೆಗೆದುಹಾಕಿ, ಅದು ಓಡ್ತಿರೋ ಅಷ್ಟು ಹೊತ್ತು ರೋಬೋ ಬೇರೇನೂ ನೋಡಲ್ಲ, ಅದರ ಬದ್ಲು ಎಷ್ಟು ಹೊತ್ತಾಯ್ತು ಅಂತ ಮಾತ್ರ ಹೇಳೋ ಮಿಲಿಸ್ ಬಳಸಿ. ಕೋಡನ್ನ ಸ್ಥಿತಿಗಳಾಗಿ ಒಡೀರಿ: ಫಾರ್ಮಸಿಲಿ ಕಾಯ್ತಿದೀನಿ, ಹೊರಟಿದೀನಿ, ದಾರೀಲಿ ಯಾರೋ ಅಡ್ಡ ಇದಾರೆ, ಗೆರೆ ಕಳ್ಕೊಂಡೆ, ಬಾಗಿಲಿಗೆ ಬಂದೆ, ತಗೊಂಡ್ರು, ವಾಪಸ್ ಹೋಗ್ತಿದೀನಿ. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗ್ಬೇಕು ಅಂತ ಕಂಪ್ಯೂಟರ್ ಮುಟ್ಟೋ ಮೊದ್ಲು ಹಾಳೆ ಮೇಲೆ ಬಾಣ ಹಾಕಿ ಬರೀರಿ. ‘ತಗೊಂಡ್ರು’ ಅನ್ನೋದು ಗೊತ್ತಾಗ್ಬೇಕಂದ್ರೆ ಟ್ರೇ ಕೆಳಗೆ ತೂಕ ಅಳೆಯೋ ಒಂದು ಲೋಡ್ ಸೆಲ್ ಇಡಿ, ತೂಕ ಇಳೀಬೇಕು ಮತ್ತೆ ಸಿಸ್ಟರ್ ಬಟನ್ ಒತ್ತಬೇಕು, ಎರಡೂ ಆದ್ರೆ ಮಾತ್ರ ಹೊರಡ್ಲಿ. ಗೆರೆ ಕಳ್ಕೊಂಡ್ರೆ ಹುಡುಕ್ತಾ ಸುತ್ತೋದು ಬೇಡ, ಅರ್ಧ ಸೆಕೆಂಡಲ್ಲಿ ನಿಂತು ಕೂಗ್ಲಿ, ಅಲ್ಲಿ ವಾಕರ್ ಹಿಡ್ಕೊಂಡು ನಡೆಯೋ ಪೇಷೆಂಟ್‌ಗಳು ಇರ್ತಾರೆ. ಮೋಟರ್‌ಗೆ ಹೋಗೋ ಕರೆಂಟನ್ನೇ ಕಟ್ ಮಾಡೋ ಕೆಂಪು ಸ್ವಿಚ್ ಒಂದು ಮೇಲ್ಗಡೆ ಇರ್ಲೇಬೇಕು, ಅದು ಕೋಡ್ ಮೂಲಕ ಹೋಗ್ಬಾರ್ದು.

ಬಾಗಿಲು ಗುರುತಿಸೋಕೆ ಆರ್‌ಎಫ್‌ಐಡಿ ಸ್ಟಿಕ್ಕರ್ (ರೇಡಿಯೋ ಅಲೆಯಿಂದ ಓದೋ ಚಿಪ್ ಇರೋದು) ಸಾಕು. ಆರ್‌ಸಿ522 ರೀಡರ್ ಓದೋದು ಕೆಲವೇ ಸೆಂಟಿಮೀಟರ್ ದೂರ, ಅದಕ್ಕೆ ಬಾಗಿಲ ಹತ್ರ ವೇಗ ಇಳಿಸಿ, ಇಲ್ಲಾಂದ್ರೆ ಓದದೇ ದಾಟಿಹೋಗುತ್ತೆ. ಅದಕ್ಕೆ 3.3 ವೋಲ್ಟೇ ಕೊಡಿ, 5 ಕೊಟ್ಟು ಸುಡಬೇಡಿ.

ಅಭ್ಯಾಸಕ್ಕೆ ಒಂದು ಒಳ್ಳೇ ಮಾದರಿ ಇದೆ. ಚೀನಾದಲ್ಲಿ 2021ರ ನವೆಂಬರಲ್ಲಿ ನಡೆದ ಕಾಲೇಜು ಹುಡುಗರ ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಡಿಸೈನ್ ಸ್ಪರ್ಧೇಲಿ ಔಷಧಿ ಒಯ್ಯೋ ಗಾಡೀನೇ ಒಂದು ಪ್ರಶ್ನೆ ಆಗಿತ್ತು. ಮೂರು ಜನರ ಟೀಮು, ನಾಲ್ಕು ದಿನ. ಕಾರಿಡಾರ್ ಮಧ್ಯೆ ಕೆಂಪು ಗೆರೆ, 8 ವಾರ್ಡು. ಮೊದ್ಲೆರಡು ವಾರ್ಡಿನ ಜಾಗ ಫಿಕ್ಸ್, ಉಳಿದವು ಎಲ್ಲಿರುತ್ತೆ ಅಂತ ಪರೀಕ್ಷೆ ಹೊತ್ತಲ್ಲೇ ಗೊತ್ತಾಗೋದು. ಗಾಡಿ ಕ್ಯಾಮೆರಾದಿಂದ ನಂಬರ್ ಓದಿ, ಸುಮಾರು 200 ಗ್ರಾಂ ಔಷಧಿ ಹೊತ್ತು ಹೋಗಿ, ವಾರ್ಡಲ್ಲಿ ಕೆಂಪು ದೀಪ ಹಚ್ಚಬೇಕು, ಔಷಧಿ ತೆಗೆದ ಮೇಲೇ ವಾಪಸ್ ಬಂದು ಹಸಿರು ದೀಪ ಹಚ್ಚಬೇಕು. ನಿಮ್ಮ ಲ್ಯಾಬಲ್ಲೇ ಇಂಥದ್ದೊಂದು ಹಾಕ್ಕೊಳ್ಳಿ, ವಾರ್ಡಿನ ಜಾಗ ಮಾತ್ರ ಜೂನಿಯರ್‌ಗಳ ಕೈಲಿ ಬದಲಾಯಿಸ್ಕೊಳ್ಳಿ.

ಪ್ರಶ್ನೆ: ನಾನು ಮೈಸೂರಲ್ಲಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಅಟೆಂಡರ್. ಕಾಲೇಜು ಮಕ್ಕಳು ಬಂದು ರೋಬೋ ಓಡಿಸಿ ಹೋಗ್ತಾರೆ. ನಮ್ಮ ಕೆಲಸ ಹೋಗುತ್ತಾ ಸಾರ್?

ಉತ್ತರ: ಅಣ್ಣಾ, ಸುಮ್ನೆ ಸಮಾಧಾನಕ್ಕೆ ಏನೋ ಹೇಳಲ್ಲ. ಅಮೆರಿಕದಲ್ಲಿ ಹೆಲ್ಪ್‌ಮೇಟ್ ಅನ್ನೋ ರೋಬೋ ಡ್ಯಾನ್‌ಬರಿ ಆಸ್ಪತ್ರೇಲಿ ಊಟದ ಟ್ರೇ ಒಯ್ಯೋಕೆ ಶುರು ಮಾಡಿದ್ದು 1980ರ ದಶಕದ ಕೊನೇಲಿ, ಅಂದ್ರೆ ಇದು ಹೊಸದಲ್ಲ. ನಮ್ಮ ಪಕ್ಕದ ಕೇರಳದಲ್ಲೇ, ಕಳಮಶ್ಶೇರಿಯ ಎರ್ನಾಕುಳಂ ಮೆಡಿಕಲ್ ಕಾಲೇಜಲ್ಲಿ 2020ರ ಕೋವಿಡ್ ಹೊತ್ತಿಗೆ ಕರ್ಮಿಬಾಟ್ ಅನ್ನೋದು ಐಸೊಲೇಷನ್ ವಾರ್ಡಿಗೆ ಊಟ, ಔಷಧಿ ಒಯ್ತಿತ್ತು, ಸೋಂಕು ತಗಲೋ ಜಾಗಕ್ಕೆ ಜನ ಹೋಗೋದು ಕಮ್ಮಿ ಆಗ್ಲಿ ಅಂತ. ಇಂಥವು ಬಂದ್ರೆ ಸ್ಯಾಂಪಲ್ ಹಿಡ್ಕೊಂಡು ಲ್ಯಾಬಿಗೆ ಹೋಗೋದು, ಫಾರ್ಮಸಿಗೆ ಇಂಡೆಂಟ್ (ಬೇಕಾದ ಔಷಧಿ ಪಟ್ಟಿ) ಕೊಡೋದು, ಈ ಓಡಾಟ ಕಮ್ಮಿ ಆಗ್ಬಹುದು. ಆದ್ರೆ ಪೇಷೆಂಟ್‌ನ ಮಂಚದಿಂದ ಸ್ಟ್ರೆಚರ್‌ಗೆ ಎತ್ತೋದು, ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋಗೋವಾಗ ‘ಹೆದರ್ಬೇಡಿ’ ಅನ್ನೋದು, ಅದು ನಿಮ್ಮದೇ ಕೆಲಸ. ಮ್ಯಾನೇಜ್‌ಮೆಂಟ್ ರೋಬೋ ತರ್ತೀನಿ ಅಂದಾಗ ನಮ್ಮ ಡ್ಯೂಟಿ ಏನಾಗುತ್ತೆ ಅಂತ ಮೊದ್ಲೇ ಬಾಯಿಬಿಟ್ಟು ಕೇಳಿ, ಕೇಳೋ ಹಕ್ಕು ನಿಮಗಿದೆ. ಆ ಕಾಲೇಜು ಮಕ್ಕಳು ಮತ್ತೆ ಬಂದ್ರೆ ಒಂದು ಶಿಫ್ಟ್ ನಿಮ್ಮ ಜೊತೆ ನಡೆಸ್ಕೊಂಡು ಹೋಗಿ, ಯಾವ ತಿರುವಲ್ಲಿ ಟ್ರಾಲಿ ಎದುರಾಗುತ್ತೆ, ಯಾವ ಲಿಫ್ಟ್ ಯಾವಾಗ ಖಾಲಿ ಇರುತ್ತೆ ಅಂತ ನಿಮಗೆ ಗೊತ್ತಿರೋಷ್ಟು ಯಾವ ಲೆಕ್ಚರರ್‌ಗೂ ಗೊತ್ತಿಲ್ಲ.

ಪ್ರಶ್ನೆ: ಟೇಪ್ ಬೇಡ, ಲೈಡಾರ್ (ಲೇಸರ್‌ನಿಂದ ಸುತ್ತಲಿನ ದೂರ ಅಳೆಯೋ ಸೆನ್ಸರ್) ಹಾಕಿ ಆರ್‌ಒಎಸ್ ಅನ್ನೋ ರೋಬೋ ಸಾಫ್ಟ್‌ವೇರ್‌ನಲ್ಲಿ ಮಾಡಿ ಅಂತಾರೆ ನಮ್ಮ ಗೈಡ್. ಬಿಇ 6ನೇ ಸೆಮಿಸ್ಟರ್, ಹುಬ್ಬಳ್ಳಿ. ದುಡ್ಡಿಲ್ಲ ಸರ್.

ಉತ್ತರ: ಮೊದ್ಲು ದುಡ್ಡು ಹಾಕ್ಬೇಡಿ. ಕಂಪ್ಯೂಟರ್ ಒಳಗೇ ರೋಬೋ ಓಡಿಸಿ ನೋಡೋ ಗಜೀಬೋ ಸಿಮ್ಯುಲೇಟರ್ ಫ್ರೀ, ಟರ್ಟಲ್‌ಬಾಟ್3 ಅನ್ನೋ ರೋಬೋದ ಮಾಡೆಲ್ ಫ್ರೀ, ಆಸ್ಪತ್ರೆ ಕಟ್ಟಡದ ಮಾಡೆಲ್ಲೂ ಫ್ರೀಯಾಗಿ ಸಿಗುತ್ತೆ, ಲ್ಯಾಪ್‌ಟಾಪಲ್ಲೇ ಒಂದು ತಿಂಗಳು ಓಡಿಸಿ. ಆಮೇಲೆ ದುಡ್ಡಿಗೆ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಅವರ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಿ. ಲೈಡಾರ್ ಕೊಂಡ್ಮೇಲೆ ಒಂದು ವಿಷಯ ನೆನಪಿಟ್ಕೊಳ್ಳಿ, ಅಗ್ಗದ ಲೈಡಾರ್ ನೋಡೋದು ಅದು ಇರೋ ಎತ್ತರದಲ್ಲಿ ಒಂದೇ ಒಂದು ಗೆರೆ. ಸ್ಟ್ರೆಚರ್ ಅಂದ್ರೆ ಅದಕ್ಕೆ ಬರೀ ನಾಲ್ಕು ಸಣ್ಣ ಕಂಬ, ಮಧ್ಯೆ ಖಾಲಿ ಜಾಗ ಇದೆ ಅಂದ್ಕೊಂಡು ನುಗ್ಗುತ್ತೆ. ಗಾಜಿನ ಬಾಗಿಲೂ ಸರಿಯಾಗಿ ಕಾಣಲ್ಲ. ಗಾಜಿಗೆ ಶಬ್ದದ ಅಲೆಯಿಂದ ದೂರ ಅಳೆಯೋ ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿ, ಆದ್ರೆ ಬೆಡ್‌ಶೀಟು, ಪರದೆ ಶಬ್ದ ಹೀರ್ಕೊಳ್ಳುತ್ತೆ, ಅಲ್ಲಿ ಅದನ್ನ ನಂಬಬೇಡಿ. ಮುಂದುಗಡೆ ಮುಟ್ಟಿದ್ರೆ ನಿಲ್ಲೋ ಬಂಪರ್ ಸ್ವಿಚ್ ಕೂಡ ಇರ್ಲಿ.