ಮನೆಯಲ್ಲೇ, ಕೆಮಿಕಲ್ ಹಾಕದೆ, ಸ್ಕ್ರಬ್ ಸೋಪು ಮಾಡುವುದು ಹೇಗೆ?

ನೀವು ಬರೆದು ಕಳಿಸಿದ ಪಟ್ಟಿ ನೋಡಿದೆ: ಕಾಫಿ ಚರಟ, ಕಿತ್ತಳೆ ಸಿಪ್ಪೆ, ಕಡಲೆ ಹಿಟ್ಟು. ಕಾಸ್ಟಿಕ್ ಸೋಡಾ, ಅಂದರೆ ಮೈ ಸುಡುವ ಕ್ಷಾರ, ಬೇಡ. ಮೂರು ವಾರದಲ್ಲಿ ತಂಗಿ ಮದುವೆಯ ತಾಂಬೂಲದ ಜೊತೆ ಕೊಡೋಕೆ ನೂರು ಸೋಪು. ಈ ಪಟ್ಟಿಯನ್ನು ನಾನೂ ಬರೆದಿದ್ದೆ, 2020ರಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಹಿಂದೆ. ಮದುವೆ ಬದಲು ದೀಪಾವಳಿ ಅಂತಿತ್ತು, ಅಷ್ಟೇ ವ್ಯತ್ಯಾಸ.

ನಮ್ಮದು ತಿಪಟೂರು ಕಡೆ. ಕೊಬ್ಬರಿಗೆ ಬರ ಇಲ್ಲ, ಗಾಣದಲ್ಲಿ ಆಡಿಸಿದ ಎಣ್ಣೆ ಮನೆಯಲ್ಲಿ ಕ್ಯಾನುಗಟ್ಟಲೆ ಇರುತ್ತದೆ. ಲಾಕ್‌ಡೌನ್‌ನಲ್ಲಿ ಮಾಡೋಕೆ ಬೇರೆ ಕೆಲಸ ಇರಲಿಲ್ಲ. ವಿಡಿಯೊ ನೋಡಿ ನೋಡಿ ಧೈರ್ಯ ಬಂತು. ಮೊದಲ ಸಲ ಬರೀ ಕೊಬ್ಬರಿ ಎಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 87 ಗ್ರಾಂ, ನೀರು 180 ಗ್ರಾಂ. ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೆ ಸೋಡಾ ಹಾಕಬೇಕು. ಸೋಡಾ ಮೇಲೆ ನೀರು ಸುರಿದರೆ ಉಕ್ಕಿ ಮುಖಕ್ಕೆ ಹಾರುತ್ತದೆ. ಅಲ್ಯೂಮಿನಿಯಂ ಪಾತ್ರೆ ಆಗದು, ಸೋಡಾ ಅದನ್ನು ತಿಂದುಹಾಕಿ ಹೈಡ್ರೋಜನ್ ಅನಿಲ ಬಿಡುತ್ತದೆ. ಒಲೆ ಹಚ್ಚದೆಯೇ ಆ ನೀರು ಕೈ ಮುಟ್ಟಲಾಗದಷ್ಟು ಕಾಯುತ್ತದೆ. ಅದು ಆರಿದ ಮೇಲೆ ಎಣ್ಣೆಗೆ ಸುರಿದು, ದೋಸೆ ಹಿಟ್ಟಿನ ಹದ ಬರುವ ತನಕ ಕಡೆದು, ಒಣಗಿಸಿ ಜರಡಿ ಹಿಡಿದ ಕಾಫಿ ಚರಟ ಒಂದು ಚಮಚ ಹಾಕಿ, ಅಚ್ಚಿಗೆ ಹುಯ್ದೆ. ಕೊಬ್ಬರಿ ಎಣ್ಣೆ ಸೋಪು ಬೇಗ ಕಲ್ಲಾಗುತ್ತದೆ, ಅದೇ ದಿನ ಕತ್ತರಿಸದಿದ್ದರೆ ಚೂರುಚೂರು ಒಡೆಯುತ್ತದೆ. ನಾನು ಕತ್ತರಿಸಿದೆ. ಎಂಟು ಸೋಪು. ಚೆನ್ನಾಗೇ ಬಂತು, ಅದೇ ನನಗೆ ಮುಳುವಾಯಿತು.

ಒಂದು ಅಚ್ಚಿಗೆ ಚಂದ ಕಾಣಲಿ ಅಂತ ಅರಿಶಿನ ಹಾಕಿದ್ದೆ. ನೋಡ್ತಾ ನೋಡ್ತಾ ಆರತಿ ನೀರಿನ ಬಣ್ಣಕ್ಕೆ ತಿರುಗಿತು! ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಬಿಳಿ ಅಂಗಿಯ ಅರಿಶಿನದ ಕಲೆಗೆ ಸೋಪು ಹಚ್ಚಿದರೂ ಕೆಂಪಾಗುತ್ತದೆ, ಇದೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಬಟ್ಟಲು ಹಿಡಿದುಕೊಂಡು ಬೆಪ್ಪಾಗಿ ನಿಂತೆ.

ನಾಲ್ಕು ವಾರ ಒಣಗಿಸಿ ಮನೆಯಲ್ಲಿ ಬಳಸಿದೆವು. ಅತ್ತೆ ಎರಡೇ ದಿನಕ್ಕೆ, "ನೊರೆ ಚೆನ್ನಾಗಿದೆ ಕಣಮ್ಮ, ಆದರೆ ಮೈಯೆಲ್ಲ ಬಿಳಿಚಿಕೊಳ್ಳುತ್ತೆ, ಗೀರಿದರೆ ಗೆರೆ ಬೀಳುತ್ತೆ" ಅಂದರು. ನಿಜವೇ. ಬರೀ ಕೊಬ್ಬರಿ ಎಣ್ಣೆಯ ಸೋಪು ಮೈಯ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. "ಹರಳೆಣ್ಣೆ, ಎಳ್ಳೆಣ್ಣೆ ಸೇರಿಸು, ಅಭ್ಯಂಜನಕ್ಕೆ ನಾವು ಅದನ್ನೇ ಅಲ್ವಾ ಹಚ್ಚೋದು" ಅಂದರು. ಸಲಹೆ ಒಳ್ಳೆಯದೇ. ತಪ್ಪು ಮಾಡಿದ್ದು ನಾನು.

ಆ ತಪ್ಪನ್ನು ಬಿಡಿಸಿ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೊಬ್ಬರಿ ಎಣ್ಣೆಯನ್ನು 250 ಗ್ರಾಂಗೆ ಇಳಿಸಿ, ಎಳ್ಳೆಣ್ಣೆ 150, ಹರಳೆಣ್ಣೆ 100 ಹಾಕಿದೆ. ಒಟ್ಟು 500 ಗ್ರಾಂ. ಎಣ್ಣೆ ತೂಕ ಅಷ್ಟೇ ತಾನೇ ಅಂತ ಸೋಡಾವನ್ನೂ ಅದೇ 87 ಗ್ರಾಂ ಹಾಕಿದೆ. ಇಷ್ಟೇ. ಇದರಿಂದಲೇ ಎಲ್ಲ ಕೆಟ್ಟಿದ್ದು.

ಒಂದು ಕೆಜಿ ಹೆಸರುಕಾಳು, ಒಂದು ಕೆಜಿ ಕಡಲೆಕಾಳು ತಗೊಳ್ಳಿ. ತೂಕ ಒಂದೇ, ಆದರೆ ಹೆಸರಿನಲ್ಲಿ ಕಾಳು ಜಾಸ್ತಿ. ಈಗ ಒಂದೊಂದು ಕಾಳಿಗೂ ಒಂದೊಂದು ಚಿಟಿಕೆ ಸೋಡಾ ಬೇಕು ಅಂದುಕೊಳ್ಳಿ. ಕೊಬ್ಬರಿ ಎಣ್ಣೆ ಹೆಸರುಕಾಳಿನ ಹಾಗೆ, ಅದರ ಅಣುಗಳು ಸಣ್ಣವು, ಅದಕ್ಕೇ ಒಂದು ಕೆಜಿ ಎಣ್ಣೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಕುಡಿಯುತ್ತದೆ. ಎಳ್ಳೆಣ್ಣೆ ಸುಮಾರು 134 ಗ್ರಾಂ, ಹರಳೆಣ್ಣೆ ಸುಮಾರು 128 ಗ್ರಾಂ. ನನ್ನ ಮಿಶ್ರಣಕ್ಕೆ ಲೆಕ್ಕ ಹಾಕಿ: ಕೊಬ್ಬರಿಗೆ 46, ಎಳ್ಳಿಗೆ 20, ಹರಳಿಗೆ 13, ಒಟ್ಟು 79 ಗ್ರಾಂ. ಅದರಲ್ಲೂ ಮೈಗೆ ಸ್ವಲ್ಪ ಜಿಡ್ಡು ಉಳಿಯಲಿ ಅಂತ ನೂರಕ್ಕೆ ಐದರಷ್ಟು ಕಡಿಮೆ ಮಾಡಬೇಕು, ಅಂದರೆ 75. ನಾನು ಹಾಕಿದ್ದು 87. ಇದ್ದಬದ್ದ ಎಣ್ಣೆಯನ್ನೆಲ್ಲ ತಿಂದು ಮುಗಿಸಿದ ಮೇಲೂ 8 ಗ್ರಾಂ ಸೋಡಾ ಹಸಿದುಕೊಂಡು ಸೋಪಿನೊಳಗೆ ಕೂತಿತ್ತು. ಹಳೆ ಅಕ್ಕಿಗೂ ಹೊಸ ಅಕ್ಕಿಗೂ ಒಂದೇ ಅಳತೆ ನೀರಿಟ್ಟ ಹಾಗೆ ಅನ್ನಬಹುದು, ಆದರೆ ಅನ್ನ ಮುದ್ದೆಯಾದರೆ ಕಣ್ಣಿಗೆ ಕಾಣುತ್ತೆ. ಇದು ಕಾಣಲ್ಲ. ಸೋಪು ಮೊದಲಿನದಕ್ಕಿಂತ ನುಣುಪಾಗಿ, ಚಂದವಾಗಿ ಬಂದಿತ್ತು.

ಕಂಡಿದ್ದೂ ಒಂದಿತ್ತು, ನಾನು ನೋಡಲಿಲ್ಲ. ಸೋಪಿನ ಮೇಲೆ ಬಿಳಿ ಪುಡಿ ಕೂತಿತ್ತು. ವಿಡಿಯೊದಲ್ಲಿ "ಇದು ಮಾಮೂಲಿ" ಅಂದಿದ್ದರಲ್ಲ, ಬೆರಳಲ್ಲಿ ಒರೆಸಿಬಿಟ್ಟೆ. ಬೆರಳು ಎಷ್ಟು ತೊಳೆದರೂ ಜಾರುಜಾರು. ಆಗಲಾದರೂ ತಲೆ ಓಡಬೇಕಿತ್ತು.

ನಾಲ್ಕು ಸಲ ಮಾಡಿದೆ, ಸಲಕ್ಕೆ ಎಂಟು. ದೀಪಾವಳಿ ಹೊತ್ತಿಗೆ ಮೂವತ್ತೆರಡು ಸೋಪು, ಒಂದಕ್ಕೆ 80 ರೂಪಾಯಿ, ಎಲ್ಲ ಬೀದಿಯವರು, ನಾದಿನಿ ಆಫೀಸಿನವರು. ಬಾಳೆಪಟ್ಟೆ ದಾರ ಕಟ್ಟಿ ಕೊಟ್ಟೆ. ನಾನು ಮಾತ್ರ ಹಳೆಯದನ್ನು ಮುಗಿಸೋಣ ಅಂತ ಮೊದಲ ಸಲದ ಸೋಪನ್ನೇ ಬಳಸುತ್ತಿದ್ದೆ. ಮಾರಿದ್ದನ್ನು ಒಂದು ಸಲವೂ ನನ್ನ ಮೈಗೆ ಹಚ್ಚಿರಲಿಲ್ಲ.

ಹಬ್ಬದ ಮಾರನೇ ದಿನ ಎದುರು ಮನೆಯವರು ಬಂದು ಕುತ್ತಿಗೆ ತೋರಿಸಿದರು. ಕೆಂಪಗೆ ಬರೆ. ನಾನು ಏನಂದೆ ಗೊತ್ತಾ? "ಕಾಫಿ ಚರಟ ಗೀರಿರಬೇಕು, ಸ್ವಲ್ಪ ಮೆಲ್ಲಗೆ ಉಜ್ಜಿ." ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆ. ಆಮೇಲೆ ಇನ್ನಿಬ್ಬರು, "ಸುಣ್ಣ ತಗುಲಿದ ಹಾಗೆ ಉರಿಯುತ್ತೆ" ಅಂದರು. ನಾನು ಸೋಪಿಗೆ ಹಾಕಿದ್ದ ಕಿತ್ತಳೆ ಸಿಪ್ಪೆಯ ಮೇಲೆ ತಪ್ಪು ಹೊರಿಸಿದೆ. ಕೊನೆಗೆ ಸೋಪು ತಗೊಂಡಿದ್ದವರಲ್ಲೇ ಒಬ್ಬರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ರಿಟೈರ್ ಆದ ಮೇಡಂ, ಮನೆಗೇ ಬಂದರು. ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ, ಆ ಬೆರಳನ್ನು ನಾಲಿಗೆ ತುದಿಗೆ ಮುಟ್ಟಿಸು ಅಂದರು. ಮುಟ್ಟಿಸಿದೆ. ಚುರ್ ಅಂತು, ಕರೆಂಟು ಹೊಡೆದ ಹಾಗೆ. "ಯಾವ ಎಣ್ಣೆ, ಎಷ್ಟೆಷ್ಟು ಹಾಕಿದ್ದೀಯಮ್ಮ?" ಅಂತ ಕೇಳಿ, ಕ್ಯಾಲೆಂಡರ್ ಹಾಳೆಯ ಹಿಂದೆ ಮೇಲಿನ ಲೆಕ್ಕ ಬರೆದು ತೋರಿಸಿದ್ದು ಅವರೇ. ಸ್ಕ್ರಬ್ಬಿಂದ ಆದದ್ದು ಇಷ್ಟು: ಚರಟ ಚರ್ಮವನ್ನು ಸಣ್ಣಗೆ ಗೀರಿತು, ಗೀರಿದ ಜಾಗಕ್ಕೆ ಸೋಡಾ ಹೋಯಿತು.

ಮನೆಮನೆಗೆ ಹೋಗಿ 2,560 ರೂಪಾಯಿ ವಾಪಸ್ ಕೊಟ್ಟು ಬಂದೆ. ಇನ್ನೂ ಆರು ವಾರ ಒಣಗಿಸಿದರೆ ಸರಿಹೋಗುತ್ತೆ ಅಂತ ಯಾರೋ ಅಂದರು. ಒಣಗುವುದು ನೀರು ಕಣ್ರಿ, ಸೋಡಾ ಎಲ್ಲಿಗೆ ಹೋಗುತ್ತೆ? ತುರಿದು, ಸಣ್ಣ ಉರಿಯಲ್ಲಿ ಕರಗಿಸಿ, ಎಣ್ಣೆ ಸೇರಿಸಿ ನೋಡಿದೆ. ಉಪ್ಪಿಟ್ಟಿನ ಹಾಗಾಯಿತು. ಬಟ್ಟೆಗಾದರೂ ಆಗಲಿ ಅಂದರೆ ಬಿಳಿ ಪಂಚೆಗೆಲ್ಲ ಕಾಫಿ ಚರಟ. ಬಚ್ಚಲು ಉಜ್ಜಿ ಮುಗಿಸಿದೆವು.

ಈಗ ನಿಮ್ಮ ವಿಷಯ. "ಕಾಸ್ಟಿಕ್ ಸೋಡಾ ಇಲ್ಲದ ಸೋಪು" ಅಂತ ಒಂದು ಇಲ್ಲ. ಎಣ್ಣೆ ಮತ್ತು ಕ್ಷಾರ ಸೇರಿದರೇ ಸೋಪು. ಅಂಗಡಿ ಸೋಪಿನ ಮೇಲೆ ಸೋಡಿಯಂ ಪಾಮೇಟ್ ಅಂತ ಬರೆದಿರುತ್ತಾರಲ್ಲ, ಅದು ತಾಳೆ ಎಣ್ಣೆ ಮತ್ತು ಸೋಡಾ ಸೇರಿ ಆದದ್ದು. ಕರಗಿಸಿ ಅಚ್ಚಿಗೆ ಹುಯ್ಯುವ ರೆಡಿ ಬೇಸ್ ಸಿಗುತ್ತದೆ, ಅದಕ್ಕೂ ಯಾವುದೋ ಕಾರ್ಖಾನೆಯಲ್ಲಿ ಯಾರೋ ಕ್ಷಾರ ಹಾಕಿರುತ್ತಾರೆ. ಲೆಕ್ಕ ಸರಿ ಇದ್ದರೆ ಕೊನೆಗೆ ಸೋಪಿನಲ್ಲಿ ಸೋಡಾ ಉಳಿಯುವುದೇ ಇಲ್ಲ. ಹಾಗಾಗಿ ಸೋಡಾಕ್ಕೆ ಹೆದರಬೇಡಿ, ಅಂದಾಜಿಗೆ ಹೆದರಿ. ಒಂದು ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ, ಲೋಟದ ಅಳತೆಯಲ್ಲಿ ಸೋಪು ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎಣ್ಣೆ ಒಂದು ಚಮಚ ಬದಲಾದರೂ ಲೆಕ್ಕ ಮೊದಲಿನಿಂದ ಹಾಕಿ. ಕೈಗವಸು, ಕನ್ನಡಕ, ತೆರೆದ ಕಿಟಕಿ ಇರಲಿ. ಮೈಗೆ ಬಿದ್ದರೆ ಹುಣಸೆ, ನಿಂಬೆ, ವಿನಿಗರ್ ಅಂತ ಹುಡುಕಬೇಡಿ, ನಲ್ಲಿ ಕೆಳಗೆ ಹಿಡಿದು ತುಂಬ ಹೊತ್ತು ನೀರು ಬಿಡಿ. ಮಾರುವ ಯೋಚನೆ ಬಂದರೆ ಕಾಸ್ಮೆಟಿಕ್ಸ್ ಲೈಸೆನ್ಸ್ ಬೇಕು. ಅದೂ ಆಗ ನನಗೆ ಗೊತ್ತಿರಲಿಲ್ಲ.

ಇನ್ನು ಸ್ಕ್ರಬ್. ನನ್ನ ಕೇಳಿದರೆ ಅದನ್ನು ಸೋಪಿನೊಳಗೆ ಹಾಕುವುದೇ ದಂಡ. ಸೋಪು ಮುಖಕ್ಕೂ ಹೋಗುತ್ತೆ, ಮೊಣಕೈಗೂ ಹೋಗುತ್ತೆ, ಎರಡಕ್ಕೂ ಒಂದೇ ಒರಟು ಆಗುತ್ತಾ? ಅಕ್ರೋಟ ಚಿಪ್ಪಿನ ಪುಡಿ ಅಂತೂ ಗಾಜಿನ ಚೂರಿನ ಹಾಗೆ. ಹಸಿ ಪಪ್ಪಾಯಿ, ಸೌತೆಕಾಯಿ ರುಬ್ಬಿ ಹಾಕಿದರೆ ಸೋಪು ಕೆಡಬಹುದು. ಸಕ್ಕರೆ ಕರಗಿಹೋಗುತ್ತದೆ. ಕಡಲೆ ಹಿಟ್ಟು ಸೋಪಿನಲ್ಲಿ ಅಂಟಾಗಿ ಕೂರುತ್ತದೆ, ಉಜ್ಜುವ ಕೆಲಸ ಮಾಡುವುದಿಲ್ಲ. ಒಣಗಿದ ಹೀರೆಕಾಯಿ ನಾರು ಒಂದಿದ್ದರೆ ಯಾವ ಸೋಪೂ ಸ್ಕ್ರಬ್ ಸೋಪೇ, ಮುಖಕ್ಕೆ ಬೇಡದಿದ್ದರೆ ನಾರು ಕೆಳಗಿಟ್ಟರಾಯಿತು. ಈಗ ನಾನು ಮಾಡುವ ಸೋಪಿಗೆ ಎಣ್ಣೆ, ಸೋಡಾ, ನೀರು ಬಿಟ್ಟರೆ ಏನೂ ಹಾಕುವುದಿಲ್ಲ, ಪಕ್ಕದಲ್ಲಿ ನಾರು ನೇತುಹಾಕಿದ್ದೇನೆ.

ಮೂರು ವಾರದಲ್ಲಿ ಮದುವೆ ಅಂದಿರಲ್ಲ, ಸೋಪು ಒಣಗೋಕೇ ನಾಲ್ಕರಿಂದ ಆರು ವಾರ ಬೇಕು. ಆ ಯೋಚನೆ ಬಿಡಿ. ಮೊದಲ ಪ್ರಯೋಗವನ್ನು ನೂರು ಜನ ನೆಂಟರ ಮೈಮೇಲೆ ಮಾಡಬೇಡಿ. ಸ್ನಾನದ ಪುಡಿ ಕೊಡಿ, ನೀವು ಹೇಳಿದ ಸಾಮಾನೆಲ್ಲ ಅದರಲ್ಲಿ ಚೆನ್ನಾಗಿ ಹೊಂದುತ್ತೆ. ಹೆಸರುಕಾಳು ಮೂರು ಪಾಲು, ಕಡಲೆಬೇಳೆ ಒಂದು ಪಾಲು, ಗರಿಗರಿ ಒಣಗಿದ ಕಿತ್ತಳೆ ಸಿಪ್ಪೆ ಅರ್ಧ ಪಾಲು, ಪರಿಮಳಕ್ಕೆ ಸ್ವಲ್ಪ ಕಚೋರ. ಕಾಫಿ ಚರಟ ಬೇಡ, ಒದ್ದೆ ಅಂಶ ಉಳಿದರೆ ಬೂಷ್ಟು ಬರುತ್ತೆ. ಎರಡು ದಿನ ಬಿಸಿಲಿಗೆ ಹಾಕಿ, ನುಣ್ಣಗೆ ಬೀಸಿಸಿ, ಐವತ್ತೈವತ್ತು ಗ್ರಾಂ ಬಟ್ಟೆ ಚೀಲಕ್ಕೆ ತುಂಬಿ. ನೂರು ಚೀಲಕ್ಕೆ ಐದು ಕೆಜಿ ಸಾಕು. ಒಂದೇ ಒಂದು ಎಚ್ಚರ: ಹಿಟ್ಟಿನ ಗಿರಣಿಯವರಿಗೆ ಮೊದಲೇ ಹೇಳಿ, ಖಾರದ ಪುಡಿ ಬೀಸಿದ ಮೆಷಿನ್ನಿನಲ್ಲಿ ಮಾತ್ರ ಬೀಸಬೇಡಿ ಅಂತ.